ಏಳರ ಮಗ್ಗಿಯ ನಡುವೆ ಚೈತ್ರ, ವೈಶಾಖ

ಶಿವಮೊಗ್ಗ
ಭಾನುವಾರ, ಮಧ್ಯಾಹ್ನ

ಚಿ. ಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ನಿಂತರೂ ತಾತನ ಮಂಡಿನೋವು ನಿಂತಿಲ್ಲ, ಅದರ ಮೇಲಿನ ಗೊಣಗಾಟವೂ ನಿಂತಿಲ್ಲ. ನಿನ್ನಮ್ಮ ಕಳಿಸಿದ ಚಟ್ನಿಪುಡಿ, ಕೋಡುಬಳೆ ತಲುಪಿದವು ಎಂದು ಕೇಳಿ ಸಮಾಧಾನವಾಯಿತು.

ಮೊನ್ನೆ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಒಂದು: ‘ಅಜ್ಜಿ, ಈಗ ಯಾರೂ ಒಂದೇ ಕೆಲಸ ಹಿಡಿದುಕೊಂಡು ಕೂರಲ್ಲ. ಮಲ್ಟಿಟಾಸ್ಕಿಂಗ್ ಬರದಿದ್ದರೆ ಕೆಎಎಸ್ ಇರಲಿ, ಎಫ್‌ಡಿಎ ಕೂಡ ಆಗಲ್ಲ.’ ಇನ್ನೊಂದು: ‘ನೀನೇ ಎಕ್ಸ್‌ಚೇಂಜಿನಲ್ಲಿ ಒಟ್ಟಿಗೇ ಹತ್ತು ಕಾಲ್ ನೋಡ್ಕೋತಿದ್ದವಳು, ನಿನಗೆ ನಾನೇನು ಹೇಳಲಿ?’ ಎರಡನೆಯ ಮಾತಿಗೆ ನಾನು ಉಬ್ಬಿಹೋದೆ. ಉಬ್ಬು ಇಳಿದ ಮೇಲೆ ಯೋಚಿಸಿದೆ. ಹೇಳಬೇಕಾದದ್ದು ಫೋನಿಗೆ ಒಗ್ಗುವಷ್ಟು ಚಿಕ್ಕದಲ್ಲ. ಅಲ್ಲದೆ ಅಷ್ಟು ಹೊತ್ತಿನ ಮಾತಿನಲ್ಲೇ ನೀನು ಎರಡು ಮೂರು ಸಲ ‘ಹಾಂ? ಏನಂದೆ?’ ಎಂದಿದ್ದೆ. ಹಿಂದೆ ಯಾರದೋ ಪಾಠದ ವಿಡಿಯೊ ಓಡುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಹಾಗಾಗಿ ಈ ಕಾಗದ.

ಮೊದಲು ನಾನು ಕೆಲಸ ಮಾಡುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ವಿಷಯ. ನೀನು ಹುಟ್ಟುವ ಮೊದಲೇ ಅಲ್ಲಿನ ಬೋರ್ಡುಗಳೆಲ್ಲ ಗುಜರಿ ಸೇರಿದವು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾನು ಸೇರಿದಾಗ ಅದು ಅಂಚೆ ಮತ್ತು ತಂತಿ ಇಲಾಖೆ. 1985ರಲ್ಲಿ ಅಂಚೆ ಬೇರೆ, ದೂರಸಂಪರ್ಕ ಬೇರೆ ಎಂದು ಮನೆ ಪಾಲಾಯಿತು. ನಮ್ಮೆದುರು ಒಂದು ದೊಡ್ಡ ಬೋರ್ಡು, ಅದರ ತುಂಬ ತೂತುಗಳು, ಜೊತೆಗೆ ಪುಟ್ಟ ಪುಟ್ಟ ದೀಪಗಳು. ಮೇಜಿನಿಂದ ಎದ್ದುಬರುವ ಜೋಡಿ ಕಾರ್ಡುಗಳು, ಅಂದರೆ ತುದಿಗೆ ಪ್ಲಗ್ ಇರುವ ವೈರುಗಳು. ದೀಪ ಹತ್ತಿದ ಕೂಡಲೇ ಒಂದು ಕಾರ್ಡಿನ ತುದಿಯನ್ನು ಆ ತೂತಿಗೆ ಚುಚ್ಚಿ ‘ನಂಬರ್ ಪ್ಲೀಸ್’ ಎನ್ನಬೇಕು. ದಾವಣಗೆರೆಯ ಮಂಡಿ ಸಾಹುಕಾರರಿಗೆ ಬೊಂಬಾಯಿ ಬೇಕು, ಸಾಗರದ ಯಾರಿಗೋ ಬೆಂಗಳೂರಿನ ಆಸ್ಪತ್ರೆ ಬೇಕು. ಆರ್ಡಿನರಿಯೋ, ದುಪ್ಪಟ್ಟು ದರದ ಅರ್ಜೆಂಟೋ, ಅದಕ್ಕೂ ಎಷ್ಟೋ ಪಾಲು ದುಬಾರಿಯಾದ ಲೈಟ್ನಿಂಗೋ ಕೇಳಬೇಕು. ಆಮೇಲೆ ಲೈನು ಖಾಲಿಯಾಗುವುದಕ್ಕೆ ಕಾಯಬೇಕು, ಆ ಕಡೆಯ ಆಪರೇಟರನ್ನು ಕೂಗಬೇಕು, ಸಿಕ್ಕರೆ ಇತ್ತ ಜೋಡಿಸಬೇಕು, ಮೂರು ನಿಮಿಷವಾದರೆ ‘ತ್ರೀ ಮಿನಿಟ್ಸ್ ಓವರ್’ ಎಂದು ನಡುವೆ ಬಾಯಿ ಹಾಕಬೇಕು. ಹೊರಗಿನಿಂದ ನೋಡಿದವರಿಗೆ ನಾವು ದಶಭುಜೆಯರೇ.

ಆದರೆ ಕೇಳು. ಪ್ರತಿ ಕಾಲಿಗೂ ಒಂದು ಟಿಕೆಟ್ ಇರುತ್ತಿತ್ತು, ಅಂಗೈಯಗಲದ ಚೀಟಿ. ಯಾರು ಕೇಳಿದರು, ಯಾವ ಊರು, ಯಾವ ನಂಬರು, ಯಾವ ದರ್ಜೆ, ಬುಕ್ಕಾದ ಹೊತ್ತು, ಸಿಕ್ಕ ಹೊತ್ತು, ಮುಗಿದ ಹೊತ್ತು, ಎಲ್ಲ ಅದರಲ್ಲೇ. ದೀಪ ಮಿನುಗಿದಾಗ ನಾನು ಏನನ್ನೂ ನೆನಪಿಸಿಕೊಳ್ಳುತ್ತಿರಲಿಲ್ಲ, ಚೀಟಿ ನೋಡುತ್ತಿದ್ದೆ. ಹತ್ತು ಕಾಲುಗಳು ನನ್ನ ತಲೆಯಲ್ಲಿರಲಿಲ್ಲ, ಮೇಜಿನ ಮೇಲಿದ್ದವು. ತಲೆಯಲ್ಲಿ ಇದ್ದದ್ದು ಯಾವಾಗಲೂ ಒಂದೇ, ಕೈಯಲ್ಲಿದ್ದ ಕಾರ್ಡಿನದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಆ ಸಾಹುಕಾರರು ಬೊಂಬಾಯಿಯ ಜೊತೆ ಏನು ಮಾತಾಡಿಕೊಂಡರು ಎಂಬುದು ನನಗೆ ಅರ್ಥವಾಗಬೇಕಾಗಿಯೇ ಇರಲಿಲ್ಲ. ಕಿವಿಗೊಡಬಾರದೆಂಬುದೇ ನಿಯಮ. ಅರ್ಥ ಮಾಡಿಕೊಳ್ಳುವ ಹೊರೆ ಇಲ್ಲದ, ಚೀಟಿಯಲ್ಲಿ ಬರೆದಿಡಬಹುದಾದ, ಮೂರು ನಿಮಿಷಕ್ಕೆ ಮುಗಿಯುವ ಕೆಲಸಗಳನ್ನು ಎಷ್ಟು ಬೇಕಾದರೂ ಸಾಲಾಗಿ ಮಾಡಬಹುದು ಪುಟ್ಟಿ. ನಿನ್ನ ಪರೀಕ್ಷೆಗೆ ಸಂವಿಧಾನ ಓದುವುದು ಅಂಥ ಕೆಲಸವಲ್ಲ.

(ಹಾಗೆಯೇ ಒಂದು ಮಾತು: ನಮ್ಮ ಬೋರ್ಡುಗಳ ಕೊನೆಗಾಲ ಶುರುವಾದದ್ದು ನಿನ್ನ ಧಾರವಾಡದ ಪಕ್ಕದಿಂದಲೇ. ಸಿ-ಡಾಟ್‌ನವರು ನಮ್ಮ ದೇಶದಲ್ಲೇ ತಯಾರಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಕೂರಿಸಿದ್ದು ಕಿತ್ತೂರಿನಲ್ಲಿ. ಬೆಳಗಾವಿ ಕಡೆಗೆ ಬಸ್ಸಿನಲ್ಲಿ ಹೋದರೆ ರಾಣಿ ಚೆನ್ನಮ್ಮನ ಜೊತೆ ಅದನ್ನೂ ನೆನೆಸಿಕೋ.)

ತಲೆ ಬೇಡುವ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ ಎಂಬ ನನ್ನ ಮಾತನ್ನು ಸುಮ್ಮನೆ ನಂಬಬೇಡ, ನೀನೇ ಮಾಡಿ ನೋಡು. ಗಡಿಯಾರ ಇಟ್ಟುಕೊಂಡು ಏಳರ ಮಗ್ಗಿಯ ಉತ್ತರಗಳನ್ನು 7ರಿಂದ 84ರವರೆಗೆ ಹೇಳು. ಆಮೇಲೆ ಚೈತ್ರದಿಂದ ಫಾಲ್ಗುಣದವರೆಗೆ ಮಾಸಗಳ ಹೆಸರು ಹೇಳು. ಎರಡಕ್ಕೂ ಎಷ್ಟು ಸೆಕೆಂಡು ಹಿಡಿಯಿತೆಂದು ಕೂಡಿಸಿ ಬರೆದುಕೋ. ಈಗ ಎರಡನ್ನೂ ಬೆರೆಸಿ ಹೇಳು: 7, ಚೈತ್ರ, 14, ವೈಶಾಖ, 21, ಜ್ಯೇಷ್ಠ... ಹೇಳಬೇಕಾದದ್ದು ಅದೇ ಇಪ್ಪತ್ನಾಲ್ಕು ಮಾತು. ಭಾದ್ರಪದದ ಹತ್ತಿರ ಬರುವಷ್ಟರಲ್ಲಿ 42 ಆಯಿತೋ ಇಲ್ಲವೋ ಎಂದು ನಿಲ್ಲುತ್ತೀಯ. ತಾತ ಆಶ್ವಯುಜದಲ್ಲಿ ಕೈಚೆಲ್ಲಿ ‘ಇದೆಲ್ಲ ಹುಡುಗಾಟ’ ಎಂದು ಪೇಪರು ಹಿಡಿದರು.

ಹುಡುಗಾಟವಲ್ಲ. 1927ರಷ್ಟು ಹಿಂದೆಯೇ ಆರ್ಥರ್ ಜರ್ಸಿಲ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇಂಥ ಪರೀಕ್ಷೆ ಮಾಡಿದ್ದರು. ಒಂದೇ ಬಗೆಯ ಲೆಕ್ಕವನ್ನು ಸಾಲಾಗಿ ಮಾಡಿದಾಗ ಒಂದು ವೇಗ. ಒಂದು ಸಂಖ್ಯೆಗೆ ಕೂಡು, ಮುಂದಿನದರಿಂದ ಕಳೆ ಎಂದು ಬದಲಾಯಿಸುತ್ತ ಹೋದಾಗ ಬೇರೆ ವೇಗ, ನಿಧಾನ. 2001ರಲ್ಲಿ ರೂಬಿನ್‌ಸ್ಟೈನ್, ಮೇಯರ್, ಇವಾನ್ಸ್ ಎಂಬ ಮೂವರು ಇದನ್ನು ಇನ್ನೂ ಬಿಡಿಸಿ ನೋಡಿದರು: ಕೆಲಸದ ನಿಯಮ ಜಟಿಲವಾದಷ್ಟೂ ಒಂದರಿಂದ ಇನ್ನೊಂದಕ್ಕೆ ಹಾರುವ ದಂಡವೂ ಹೆಚ್ಚು. ಯೋಚನೆ ಬೇಡುವ ಎರಡು ಕೆಲಸಗಳನ್ನು ತಲೆ ಜೊತೆಜೊತೆಯಾಗಿ ಮಾಡುವುದಿಲ್ಲ. ಇದನ್ನು ಬಿಟ್ಟು ಅದನ್ನು, ಅದನ್ನು ಬಿಟ್ಟು ಇದನ್ನು ಹಿಡಿಯುತ್ತದೆ. ನೀನು ಕಂಪ್ಯೂಟರ್ ಸೈನ್ಸ್ ಓದಿದವಳು. ಒಂದೇ ಪ್ರೊಸೆಸರ್ ಹತ್ತು ಪ್ರೋಗ್ರಾಂ ಓಡಿಸುವಾಗ ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಬಲ್ಲೆ. ಹಾರುವ ಮುನ್ನ ಅದು ಎಲ್ಲಿ ನಿಂತಿತ್ತೆಂಬುದನ್ನು ಅಕ್ಷರ ಬಿಡದೆ ಬರೆದಿಟ್ಟುಕೊಂಡೇ ಹಾರುತ್ತದೆ, ನಮ್ಮ ಟಿಕೆಟಿನ ಹಾಗೆ. ಮನುಷ್ಯರು ಬರೆದಿಡದೆ ಹಾರುತ್ತಾರೆ.

ಹಾರಿದ ಮೇಲೂ ಪೂರ್ತಿ ಹಾರಿರುವುದಿಲ್ಲ ಎನ್ನುವುದು ಇನ್ನೊಂದು ತಮಾಷೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದನ್ನೇ: ಅರ್ಧಕ್ಕೆ ಬಿಟ್ಟ ಕೆಲಸದ ಜೊತೆ ಗಮನದ ಒಂದು ಚೂರು ಅಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸಕ್ಕೆ ಕೂತಾಗ ಕೂರುವುದು ಉಳಿದ ಭಾಗ ಮಾತ್ರ. ಗೆಳತಿಯ ಮೆಸೇಜಿಗೆ ‘ಆಮೇಲೆ ಹೇಳ್ತೀನಿ’ ಎಂದು ಒತ್ತಿ ಪುಸ್ತಕಕ್ಕೆ ಮರಳಿದೆ ಅನ್ನು. ಅವಳಿಗೆ ಏನು ಹೇಳಬೇಕೆಂಬುದು ಪುಟದ ಅಂಚಿನಲ್ಲಿ ಕೂತೇ ಇರುತ್ತದೆ.

‘ಆದರೂ ನಾನು ಹಾಗೆ ಓದಿದ್ದು ನೆನಪಿದೆಯಲ್ಲ, ಮಾಕ್ ಟೆಸ್ಟಿನಲ್ಲಿ ಅಂಕವೂ ಬರುತ್ತಿದೆ’ ಎನ್ನುತ್ತೀಯ. ಬರುತ್ತದೆ, ಅಲ್ಲೇ ಇರುವುದು ಮೋಸ. 2006ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಕರೀನ್ ಫೋರ್ಡೆ ಮತ್ತು ಜೊತೆಗಾರರು ಮಾಡಿದ ಪ್ರಯೋಗವೊಂದಿದೆ. ಚಿತ್ರವಿರುವ ಚೀಟಿಗಳನ್ನು ತೋರಿಸಿ, ಮಳೆಯೋ ಬಿಸಿಲೋ ಊಹಿಸು ಎನ್ನುತ್ತಿದ್ದರು. ಊಹಿಸುತ್ತ ಊಹಿಸುತ್ತ ಚೀಟಿಗೂ ಹವಾಮಾನಕ್ಕೂ ಇರುವ ನಂಟು ಕಲಿಯಬೇಕು. ಕೆಲವು ಚೀಟಿಗಳನ್ನು ಬೇರೆ ಕೆಲಸ ಕೊಡದೆ ಕಲಿಸಿದರು, ಕೆಲವನ್ನು ಕಿವಿಯಲ್ಲಿ ಬೀಳುತ್ತಿದ್ದ ಸದ್ದುಗಳನ್ನು ಎಣಿಸುತ್ತ ಕಲಿಯಲು ಹೇಳಿದರು. ಊಹೆಯ ಸರಿ-ತಪ್ಪಿನಲ್ಲಿ ಹೆಚ್ಚು ಕಡಿಮೆ ಎರಡೂ ಸಮ. ಆದರೆ ‘ಈ ಚೀಟಿಗೂ ಮಳೆಗೂ ಏನು ಸಂಬಂಧ, ಹೇಳು’ ಎಂದಾಗ ಸದ್ದೆಣಿಸುತ್ತ ಕಲಿತದ್ದರ ಬಂಡವಾಳ ಬಯಲಾಯಿತು. ಮಿದುಳಿನ ಚಿತ್ರ ತೆಗೆದು ನೋಡಿದರೆ, ಒಂದೇ ಕೆಲಸದ ಕಲಿಕೆ ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗವನ್ನು ನೆಚ್ಚಿಕೊಂಡಿತ್ತು. ಸದ್ದೆಣಿಸುವ ಕಲಿಕೆ ಸ್ಟ್ರೈಯೇಟಮ್ ಎಂಬ, ರೂಢಿಯ ಚಾಳಿಗಳಿಗೆ ಸಂಬಂಧಿಸಿದ ಭಾಗವನ್ನು. ಎರಡೂ ಕಲಿಕೆಯೇ. ಒಂದು ತಿರುವಿ ಮುರುವಿ ಬಳಸಬಹುದಾದದ್ದು, ಇನ್ನೊಂದು ಕೇಳಿದ ಹಾಗೆಯೇ ಕೇಳಿದರೆ ಮಾತ್ರ ಒದಗುವುದು.

ನಿನ್ನ ಪರೀಕ್ಷೆಗೆ ಇದು ಹೇಗೆ ತಾಗುತ್ತದೆ ನೋಡು. ಪ್ರಿಲಿಮ್ಸ್‌ನಲ್ಲಿ ಪೀಠಿಕೆಗೆ ‘ಸಮಾಜವಾದಿ’, ‘ಜಾತ್ಯತೀತ’ ಪದಗಳು ಯಾವ ತಿದ್ದುಪಡಿಯಿಂದ ಬಂದವು ಎಂದು ಕೇಳಿದರೆ, 42ನೆಯದು, 1976, ಎಂದು ವೃತ್ತ ತುಂಬಿ ಬರುತ್ತೀಯ. ಹಾಡು ಕೇಳುತ್ತ ಓದಿದ್ದರೂ ಅದು ಬರುತ್ತದೆ. ಮೇನ್ಸ್‌ನಲ್ಲಿ ಕೇಳುವುದು ಅದಲ್ಲ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹೂಡಿದ ಕೇಶವಾನಂದ ಭಾರತಿ ಪ್ರಕರಣದಲ್ಲಿ, 1973ರಲ್ಲಿ, ಹದಿಮೂರು ನ್ಯಾಯಮೂರ್ತಿಗಳು ಏಳು-ಆರರ ಅಂತರದಿಂದ ಸಂವಿಧಾನದ ಮೂಲ ರಚನೆಗೆ ಕೈ ಹಾಕಬಾರದು ಎಂದರು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, 42ನೇ ತಿದ್ದುಪಡಿ ಬಂದು ತಿದ್ದುವ ಅಧಿಕಾರಕ್ಕೆ ಎಲ್ಲೆಯೇ ಇಲ್ಲ ಎಂದಿತು. 1978ರ 44ನೆಯದು ಅದರಲ್ಲಿ ಎಷ್ಟೋ ಭಾಗವನ್ನು ಹಿಂದಕ್ಕೆ ತೆಗೆದುಕೊಂಡಿತು. ಉಳಿದಿದ್ದ ಆ ಎಲ್ಲೆಯಿಲ್ಲದ ಅಧಿಕಾರವನ್ನು 1980ರಲ್ಲಿ ಮಿನರ್ವ ಮಿಲ್ಸ್ ತೀರ್ಪು ಹೊಡೆದುಹಾಕಿತು. ಆ ಗಿರಣಿ ನಮ್ಮ ಬೆಂಗಳೂರಿನದೇ. ಈ ನಾಲ್ಕೂ ಒಂದರ ಮಾತಿಗೆ ಇನ್ನೊಂದು ಕೊಟ್ಟ ಉತ್ತರ. ನಾಲ್ಕನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದು ಕೂತಾಗ ಮಾತ್ರ ಅದು ಸಂವಾದವೆಂದು ಕಾಣುತ್ತದೆ. 1976ಕ್ಕೂ 1978ಕ್ಕೂ ನಡುವೆ ಒಂದು ರೀಲ್ ನೋಡಿ ಬಂದರೆ ಕೈಯಲ್ಲಿ ಉಳಿಯುವುದು ನಾಲ್ಕು ಇಸವಿಗಳು. ಅರ್ಥವಾಗುವುದೆಂದರೆ ಹೆಚ್ಚಿನಂಶ ಹೀಗೆ ನಾಲ್ಕಾರು ಸಂಗತಿಗಳನ್ನು ಒಮ್ಮೆಗೇ ಕಣ್ಣೆದುರು ಹಿಡಿದುಕೊಳ್ಳುವುದು. ಆ ಹಿಡಿತ ಸಡಿಲವಾಗುವುದಕ್ಕೆ ಬಹಳ ಹೊತ್ತು ಬೇಡ.

ಇಷ್ಟು ಹೇಳಿದ ಮೇಲೆ ನೀನು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು: ಅವಧಾನ? ಚಿಕ್ಕವಳಿದ್ದಾಗ ನಿನ್ನನ್ನು ಒಂದು ಅಷ್ಟಾವಧಾನಕ್ಕೆ ಕರೆದೊಯ್ದಿದ್ದೆ, ನೀನು ಅರ್ಧದಲ್ಲಿ ನಿದ್ದೆ ಹೋದೆ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಅವಧಾನಿಯ ಸುತ್ತ ಕೂತು ಎಂಟು ಬಗೆಯಲ್ಲಿ ಕಾಡುತ್ತಾರೆ. ನಿಷೇಧಾಕ್ಷರಿಯವರು ಹೆಜ್ಜೆ ಹೆಜ್ಜೆಗೆ ಈ ಅಕ್ಷರ ಬೇಡ ಎನ್ನುತ್ತಾರೆ, ಸಮಸ್ಯೆಯವರು ಅಸಂಬದ್ಧವಾದ ಕೊನೆಯ ಸಾಲು ಕೊಟ್ಟು ಪದ್ಯ ಪೂರೈಸು ಎನ್ನುತ್ತಾರೆ, ದತ್ತಪದಿಯವರು ಸಂಬಂಧವಿಲ್ಲದ ಪದಗಳನ್ನು ಸೇರಿಸಿ ಕಟ್ಟು ಎನ್ನುತ್ತಾರೆ, ಸಂಖ್ಯಾಬಂಧದವರು ನಡುನಡುವೆ ಅಂಕಿಗಳ ಚೌಕದ ಯಾವುದೋ ಮನೆಯ ಅಂಕಿ ಕೇಳುತ್ತಾರೆ. ಶತಾವಧಾನಿ ಆರ್. ಗಣೇಶರು ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದವರು. 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು, ನೂರು ಪೃಚ್ಛಕರು. ಇದಕ್ಕಿಂತ ದೊಡ್ಡ ಮಲ್ಟಿಟಾಸ್ಕಿಂಗ್ ಎಲ್ಲಿದೆ ಎನ್ನಿಸುತ್ತದೆ, ಅಲ್ಲವೇ?

ಎಚ್ಚರವಾಗಿದ್ದು ನೋಡಿದ್ದರೆ ನಿನಗೆ ಕಾಣುತ್ತಿತ್ತು. ಅವಧಾನಿ ಒಬ್ಬರ ಪದ್ಯದ ಒಂದು ಪಾದ ಮುಗಿಸಿಯೇ ಮುಂದಿನವರ ಕಡೆ ತಿರುಗುತ್ತಾರೆ. ಅರ್ಧ ಪಾದಕ್ಕೆ ಬಿಟ್ಟು ಏಳುವುದಿಲ್ಲ. ಮೊದಲ ಸುತ್ತಿಗೆ ಪದ್ಯಗಳ ಮೊದಲ ಪಾದ, ಎರಡನೆಯ ಸುತ್ತಿಗೆ ಎರಡನೆಯದು, ಹೀಗೆ ನಾಲ್ಕು ಸುತ್ತು. ಕೊನೆಗೆ ಧಾರಣ, ಹೇಳಿದ್ದನ್ನೆಲ್ಲ ನೆನಪಿನಿಂದ ಒಪ್ಪಿಸುವುದು. ಛಂದಸ್ಸೇ ಅವರಿಗೆ ಗೆರೆ ಎಳೆದುಕೊಡುತ್ತದೆ, ಎಲ್ಲಿ ನಿಲ್ಲಬಹುದು ಎಂದು. ಅದರ ಹಿಂದೆ ವರ್ಷಗಳ ಸಾಧನೆ ಇದೆ ಎಂಬುದನ್ನು ನಾನು ಹೇಳಬೇಕಿಲ್ಲ. ನನಗೆ ಅದರಲ್ಲಿ ಬಹಳ ಇಷ್ಟವಾಗುವುದು ಅಪ್ರಸ್ತುತ ಪ್ರಸಂಗಿಯ ಕುರ್ಚಿ. ಮನಸ್ಸು ಕೆಡಿಸುವುದೇ ಆತನ ಕೆಲಸ. ಯಾವಾಗ ಬೇಕೆಂದರೆ ಆಗ ಅಡ್ಡ ಬಾಯಿ ಹಾಕಿ ಹರಟುತ್ತಾನೆ, ಸಭೆ ನಗುತ್ತದೆ, ಅವಧಾನಿ ಥಟ್ಟನೆ ಉತ್ತರಿಸಿ ಮತ್ತೆ ತನ್ನ ಪಾದಕ್ಕೆ ಮರಳಬೇಕು. ನಮ್ಮ ಹಿರಿಯರು ಏಕಾಗ್ರತೆಯ ಪರೀಕ್ಷೆಗೆ ಅತ್ಯಂತ ಕಠಿಣವಾದ ಅಡ್ಡಿ ಯಾವುದೆಂದು ಹುಡುಕಿ, ಎಂಟರಲ್ಲಿ ಒಂದು ಜಾಗ ಹರಟೆಗೇ ಕೊಟ್ಟಿದ್ದಾರೆ! ನಿನ್ನ ಮೇಜಿನ ಮೇಲೆ ಆ ಪೃಚ್ಛಕ ಗಾಜಿನ ಮುಖ ಹೊತ್ತು ದಿನವಿಡೀ ಕೂತಿದ್ದಾನೆ.

ಆದರೆ ಎಲ್ಲ ತಪ್ಪನ್ನೂ ಅವನ ಮೇಲೆ ಹೊರಿಸುವುದು ನ್ಯಾಯವಲ್ಲ. ಗ್ಲೋರಿಯಾ ಮಾರ್ಕ್ ಎಂಬ ಪ್ರಾಧ್ಯಾಪಕಿ ಕಚೇರಿಗಳಲ್ಲಿ ಜನರ ಹಿಂದೆ ಕೂತು ಅವರ ಗಮನ ಹರಿದ ಹೊತ್ತನ್ನು ಅಳೆದವರು. 2004ರ ಹೊತ್ತಿಗೆ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದ ಕಣ್ಣು, ಇತ್ತೀಚಿನ ವರ್ಷಗಳ ಅಳತೆಯಲ್ಲಿ ಸುಮಾರು 47 ಸೆಕೆಂಡಿಗೆ ಇಳಿದಿದೆ ಎನ್ನುತ್ತಾರೆ. ಅವರ ಇನ್ನೊಂದು ಮಾತು ನನ್ನ ಅನುಭವಕ್ಕೂ ಸರಿ: ಅಡಚಣೆಗಳಲ್ಲಿ ಸುಮಾರು ಅರ್ಧ ಹೊರಗಿನಿಂದ ಬಂದವಲ್ಲ, ನಾವೇ ತಂದುಕೊಂಡವು. ಗಂಟೆ ಬಾರಿಸದಿದ್ದರೂ ಕೈ ಫೋನಿನ ಕಡೆ ಹೋಗುತ್ತದೆ. ಯಾವಾಗ ಹೋಗುತ್ತದೆ ಎಂದು ಒಂದು ದಿನ ಗಮನಿಸು. ಸುಲಭದ ಪುಟದಲ್ಲಿ ಹೋಗುವುದಿಲ್ಲ. ಸಾಲು ತೊಡಕಾದಾಗ, ಮೂರು ಸಲ ಓದಿದರೂ ಬಗೆಹರಿಯದಾಗ ಹೋಗುತ್ತದೆ. ಅಂದರೆ ಇನ್ನೇನು ಅರ್ಥವಾಗಬೇಕು ಎನ್ನುವ ಜಾಗದಿಂದಲೇ ನಾವು ಓಡಿಹೋಗುವುದು. ಆ ಚಡಪಡಿಕೆಯನ್ನು ನೀನು ‘ಬೋರ್’ ಎನ್ನುತ್ತೀಯ. ನನ್ನ ಪ್ರಕಾರ ಓದು ಶುರುವಾಗುವುದೇ ಅಲ್ಲಿಂದ, ಅಲ್ಲಿಯವರೆಗಿನದು ಕಣ್ಣಾಡಿಸಿದ್ದು.

ಪ್ರಯೋಗಗಳನ್ನು ಕಣ್ಣುಮುಚ್ಚಿ ನಂಬು ಎನ್ನುತ್ತಿಲ್ಲ. 2009ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಕ್ಲಿಫರ್ಡ್ ನಾಸ್ ಮತ್ತಿತರರು, ಸದಾ ಹಲವು ಪರದೆಗಳಲ್ಲಿ ಮುಳುಗಿರುವ ವಿದ್ಯಾರ್ಥಿಗಳು ಬೇಡದ್ದನ್ನು ಬಿಟ್ಟು ಬೇಕಾದದ್ದನ್ನು ನೋಡುವುದರಲ್ಲಿ ಹಿಂದೆ ಬಿದ್ದದ್ದನ್ನು ತೋರಿಸಿದರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವುದರಲ್ಲೂ ಅವರೇ ನಿಧಾನ. ಆದರೆ ಆ ಚಾಳಿಯಿಂದ ಮನಸ್ಸು ಚದುರಿತೋ, ಚದುರುವ ಮನಸ್ಸಿನವರೇ ಆ ಚಾಳಿಗೆ ಬಿದ್ದರೋ ಎಂಬುದು ಅದರಿಂದ ತಿಳಿಯುವುದಿಲ್ಲ. 2017ರಲ್ಲಿ ಟೆಕ್ಸಾಸಿನವರು, ಸದ್ದು ಮಾಡದೆ ಸುಮ್ಮನೆ ಮೇಜಿನ ಮೇಲಿದ್ದ ಫೋನು ಕೂಡ ತಲೆಯ ಶಕ್ತಿಯನ್ನು ತಿನ್ನುತ್ತದೆ, ಇನ್ನೊಂದು ಕೋಣೆಯಲ್ಲಿದ್ದರೆ ತಿನ್ನುವುದಿಲ್ಲ ಎಂದರು. ಆಮೇಲೆ ಅದೇ ಪ್ರಯೋಗ ಮಾಡಿದ ಕೆಲವರಿಗೆ ಆ ಫಲಿತಾಂಶ ಸಿಗಲಿಲ್ಲ. ಇರಲಿ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲವಲ್ಲ. ಕೈ ಚಾಚಿದರೆ ಸಿಗುವುದಕ್ಕೂ ಎದ್ದು ಹೋಗಿ ತರಬೇಕಾದದ್ದಕ್ಕೂ ವ್ಯತ್ಯಾಸ ತಿಳಿಯಲು ಪ್ರಯೋಗಾಲಯ ಬೇಡ.

‘ನೋಟ್ಸೆಲ್ಲ ಟೆಲಿಗ್ರಾಂನಲ್ಲಿದೆ ಅಜ್ಜಿ, ಫೋನಿಲ್ಲದೆ ಓದೋದು ಹೇಗೆ’ ಎಂದಿದ್ದೆ. ನಿಮ್ಮ ಧಾರವಾಡದ ಸಪ್ತಾಪುರದಲ್ಲಿ ಅಷ್ಟೊಂದು ಝೆರಾಕ್ಸ್ ಅಂಗಡಿಗಳಿರುವುದು ಯಾತಕ್ಕೆ? ವಾರಕ್ಕೆ ಬೇಕಾದದ್ದನ್ನು ಭಾನುವಾರ ಪ್ರಿಂಟ್ ಹಾಕಿಸಿಕೋ, ಖರ್ಚಿಗೆ ನಾನು ಕಳಿಸುತ್ತೇನೆ, ಅಮ್ಮನಿಗೆ ಹೇಳಬೇಡ. ವಿಡಿಯೊ ಪಾಠ ನೋಡುವ ಹೊತ್ತು ಬೇರೆ, ಕಾಗದ ಓದುವ ಹೊತ್ತು ಬೇರೆ ಮಾಡಿಕೋ. ರೀಡಿಂಗ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿದ ಜಾಗ ಹಿಡಿ. ಕೆನಡಾದ ಒಂದು ತರಗತಿಯ ಪ್ರಯೋಗದಲ್ಲಿ, ತಾವೇನೂ ಮಾಡದೆ ಮುಂದಿನವರ ಲ್ಯಾಪ್‌ಟಾಪ್ ಪರದೆ ಕಣ್ಣಿಗೆ ಬೀಳುವಂತೆ ಕೂತಿದ್ದವರ ಅಂಕವೂ ಇಳಿಯಿತು. ಬೇರೆಯವರ ಪಾಪಕ್ಕೆ ನೀನೇಕೆ ದಂಡ ಕಟ್ಟಬೇಕು?

ಹಾಡಿನ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಿನವಳಲ್ಲ. ಹೂ ಕಟ್ಟುವಾಗ, ಬಟ್ಟೆ ಮಡಚುವಾಗ, ನಿನ್ನ ಪಿಜಿಯಲ್ಲಿ ಅನ್ನಕ್ಕೆ ಕಾಯುವಾಗ ಎಷ್ಟು ಬೇಕಾದರೂ ಕೇಳು. ಕೈಗೆ ರೂಢಿಯಾದ ಕೆಲಸಕ್ಕೆ ತಲೆ ಬೇಡ. ಓದುವಾಗ ಮಾತ್ರ ಸಾಹಿತ್ಯವಿರುವ ಹಾಡು ಬೇಡ. ಓದುವುದೂ ಮಾತು, ಹಾಡೂ ಮಾತು, ಎರಡೂ ಒಂದೇ ಬಾಗಿಲಿನಲ್ಲಿ ನುಗ್ಗುತ್ತವೆ. ಬೇಕೇ ಬೇಕೆಂದರೆ ವೀಣೆಯೋ ಕೊಳಲೋ ಹಾಕಿಕೋ.

ಇನ್ನು ನನ್ನ ಕಸುಬಿನ ಗುಟ್ಟು. ಪುಸ್ತಕದ ಪಕ್ಕ ಅಂಗೈಯಗಲದ ಚೀಟಿಗಳನ್ನು ಇಟ್ಟುಕೋ. ಓದುವಾಗ ಏನೇ ನೆನಪಾಗಲಿ, ಫೀಸು ಕಟ್ಟಬೇಕು, ಗೆಳತಿಗೆ ಉತ್ತರಿಸಬೇಕು, ಯಾವುದೋ ಸಿನಿಮಾ ನಟನ ವಯಸ್ಸೆಷ್ಟು, ಅದನ್ನು ಒಂದು ಚೀಟಿಗೆ ಬುಕ್ ಮಾಡು, ಮುಂದೆ ಓದು. ಆರ್ಡಿನರಿ ಕಾಲು ಕಾಯಲಿ; ಲೈಟ್ನಿಂಗ್ ಎನ್ನುವಂಥದ್ದು ದಿನಕ್ಕೆ ಒಂದೂ ಇರುವುದಿಲ್ಲ, ಬೇಕಾದರೆ ನೋಡು. ಎದ್ದೇಳಲೇಬೇಕಾಗಿ ಬಂದರೆ, ಏಳುವ ಮುನ್ನ ಒಂದು ಸಾಲು ಬರೆ: ‘42ನೆಯದು ಮುಗಿಯಿತು, 44 ಯಾಕೆ ಬಂತು ಎಂದು ನೋಡಬೇಕು.’ ಆ ಲೆರಾಯ್ ಅವರೇ ಮುಂದೆ ಇದನ್ನೂ ಪರೀಕ್ಷಿಸಿದರು. ಎಲ್ಲಿ ನಿಂತೆ, ಮರಳಿ ಬಂದು ಏನು ಮಾಡಬೇಕು ಎಂದು ಬರೆದಿಟ್ಟು ಎದ್ದವರಿಗೆ ಹಿಂದಿನ ಕೆಲಸದ ಕಾಟ ಕಡಿಮೆ. ನಮ್ಮ ಇಲಾಖೆಗೆ ಇದು ಸಂಶೋಧನೆಯಿಲ್ಲದೆಯೇ ಗೊತ್ತಿತ್ತು ಎಂದು ನನಗೆ ಸ್ವಲ್ಪ ಜಂಬ.

ನಿನ್ನ ರೂಮ್‌ಮೇಟ್ 25 ನಿಮಿಷಕ್ಕೊಮ್ಮೆ ಅಲಾರಾಂ ಇಟ್ಟು ಓದುತ್ತಾಳೆ ಎಂದೆಯಲ್ಲ, ಅವಳಿಗೆ ಅದು ಒಗ್ಗಿದರೆ ಒಗ್ಗಲಿ. ಶುರು ಮಾಡಲು ಮನಸ್ಸಿಲ್ಲದ ದಿನ ಅದು ಒಳ್ಳೆಯದೇ. ಆದರೆ ತೀರ್ಪಿನ ನಡುವೆ ಗಂಟೆ ಹೊಡೆಯಿತೆಂದು ಪುಸ್ತಕ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ಪಾದ ಮುಗಿಸಿ ಏಳು.

ಕೊನೆಗೆ ಮನೆಯವರ ಕಡೆಯ ತಪ್ಪು. ‘ತಿಂಡಿ ಆಯ್ತಾ’, ‘ಊಟ ಆಯ್ತಾ’, ‘ಮಳೆ ಬಂತಾ’ ಎಂದು ಹೊತ್ತುಹೊತ್ತಿಗೆ ಫೋನು ಮಾಡುವವರು ನಾವೇ. ಬೆಳಿಗ್ಗೆ ಐದಕ್ಕೇ ಗ್ರೂಪಿನಲ್ಲಿ ಗುಲಾಬಿ ಹೂವಿನ ಶುಭೋದಯ ಕಳಿಸುವವರು ನಿನ್ನ ತಾತ. ನಿನ್ನಮ್ಮನಿಗೂ ಚಿಕ್ಕಪ್ಪನಿಗೂ ಹೇಳಿದ್ದೇನೆ: ಇನ್ನು ಮೇಲೆ ರಾತ್ರಿ ಎಂಟೂವರೆಯ ಮೇಲೆ ಒಂದೇ ಸಲ, ಎಲ್ಲರದೂ ಸೇರಿ. ನಿಜವಾಗಿ ತುರ್ತಾದರೆ ನಾನು ಎರಡು ಸಲ ಬೆನ್ನುಬೆನ್ನಿಗೆ ರಿಂಗ್ ಮಾಡುತ್ತೇನೆ, ಆಗ ಮಾತ್ರ ಎತ್ತು. ನಿನ್ನಮ್ಮ ಮುಖ ಊದಿಸಿಕೊಂಡಿದ್ದಾಳೆ, ಎರಡು ದಿನದಲ್ಲಿ ಸರಿಹೋಗುತ್ತಾಳೆ. ತಾತನನ್ನು ಮಾತ್ರ ಒಪ್ಪಿಸಲಾಗಲಿಲ್ಲ; ಗ್ರೂಪನ್ನು ನೀನೇ ಮ್ಯೂಟ್ ಮಾಡಿಕೋ, ಅವರಿಗೆ ತಿಳಿಯುವುದಿಲ್ಲ.

ಏಳರ ಮಗ್ಗಿ, ಮಾಸಗಳು, ಬೆರೆಸಿದ್ದು, ಮೂರರ ಲೆಕ್ಕವನ್ನೂ ಬರೆದು ಕಳಿಸು. ನಿನ್ನ ಗೆಳತಿಯರದೂ ಇರಲಿ. ನನ್ನದು ಎಷ್ಟೆಂದು ನಿನ್ನದು ಬಂದ ಮೇಲೆ ಹೇಳುತ್ತೇನೆ.

ಇಂತಿ,
ನಿನ್ನ ಪ್ರೀತಿಯ
ಅಜ್ಜಿ